ಒರಗಿ ಕೂತು ತುಳಿಯುವ ಸೈಕಲ್: ಮೈಭಾರ ಜಾಗ ಬದಲಿಸಿದಾಗ ಏನೇನಾಗುತ್ತದೆ

ಉಡುಪಿಯಿಂದ ಸುರತ್ಕಲ್ ಕಡೆಗೆ ಹೈವೇಯಲ್ಲಿ ಸೈಕಲ್ ತುಳಿದವರಿಗೆ ಇದು ಗೊತ್ತಿರುತ್ತದೆ. ಕಾಪು ದಾಟುವವರೆಗೆ ಏನೂ ಇಲ್ಲ. ಪಡುಬಿದ್ರಿ ಬರುವಾಗ ಕುತ್ತಿಗೆ ಬಿಗಿಯುತ್ತದೆ. ಮೂಲ್ಕಿ ಸೇತುವೆ ಮೇಲೆ ಹತ್ತುವ ಹೊತ್ತಿಗೆ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಜೋಮು ಹಿಡಿದಿರುತ್ತವೆ. ಕೈ ಕೊಡವುತ್ತೇವೆ, ಹಿಡಿತ ಬದಲಿಸುತ್ತೇವೆ, ಮತ್ತೆ ತುಳಿಯುತ್ತೇವೆ.

ನಾನು ಆರು ವರ್ಷ ಹೀಗೇ ತುಳಿದೆ. ಗ್ಲೌಸ್ ಬದಲಿಸಿದೆ. ಹ್ಯಾಂಡಲ್ ಎತ್ತರ ಮಾಡಿಸಿದೆ. ಸೀಟು ಮೂರು ಸಲ ಬದಲಿಸಿದೆ. ಪ್ರತಿ ಸಲವೂ ಸ್ವಲ್ಪ ಹಗುರಾಯಿತು, ಆದರೆ ಜೋಮು ಹೋಗಲಿಲ್ಲ. ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ರಿಕಂಬೆಂಟ್, ಅಂದರೆ ಒರಗಿ ಕೂತು ತುಳಿಯುವ ಸೈಕಲ್ ತರಿಸಿಕೊಂಡೆ. ಈಗ ಒಂದು ಮಳೆಗಾಲ, ಒಂದು ಬೇಸಿಗೆ ಅದರ ಮೇಲೆ ಕಳೆದಿದ್ದೇನೆ. ದಾರಿಯಲ್ಲಿ ನಿಲ್ಲಿಸಿ ಕೇಳುವವರು ಬಹಳ. ಅವರ ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ: ಇದು ಆರಾಮವಾ, ವೇಗವಾ, ಏರು ಹತ್ತುತ್ತದಾ, ಬಸ್ಸಿನವರಿಗೆ ಕಾಣುತ್ತದಾ? ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳ ಹಾಗೆ ಕೇಳಿಸುತ್ತವೆ. ನಿಜವಾಗಿ ಎಲ್ಲದರ ಉತ್ತರವೂ ಒಂದೇ ಕಡೆ ಇದೆ. ಮೈಯ ಭಾರ ಎಲ್ಲಿ ಕೂತಿದೆ ಎನ್ನುವುದರಲ್ಲಿ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ನಮ್ಮ ಹಳೆಯ ಹಂಚಿನ ಮನೆಗಳ ಚಾವಡಿಯಲ್ಲಿ ಕ್ಯಾನ್ವಾಸ್ ಬಟ್ಟೆಯ ಈಸಿಚೇರ್ ಇರುತ್ತಿತ್ತಲ್ಲ, ಅದರಲ್ಲಿ ಅಜ್ಜ ಒರಗಿ ಕಾಲು ಮುಂದೆ ಚಾಚಿ ಕೂರುತ್ತಿದ್ದರಲ್ಲ, ಆ ಭಂಗಿಯನ್ನು ನೆನಪು ಮಾಡಿಕೊಳ್ಳಿ. ಆ ಕುರ್ಚಿಗೆ ಹಿಂದೆ ಒಂದು ಚಕ್ರ, ಮುಂದೆ ಒಂದು ಚಕ್ರ. ಪೆಡಲ್ ಕಾಲಿನ ಕೆಳಗಲ್ಲ, ಕಾಲಿನ ಮುಂದೆ. ಪೆಡಲ್ ಇರುವ ಆ ಮುಂಚಾಚಿದ ಕೊಳವೆಗೆ ಬೂಮ್ ಅಂತ ಹೆಸರು. ಹ್ಯಾಂಡಲ್ ಎದೆಯ ಮುಂದೆ ಇರಬಹುದು, ಇಲ್ಲವೇ ಸೀಟಿನ ಅಡಿಯಲ್ಲಿ ತೊಡೆಯ ಪಕ್ಕ ಇರಬಹುದು. ಮುಂದಿನ ಚಕ್ರ ಪೆಡಲಿಗಿಂತ ಮುಂದೆ ಇದ್ದರೆ ಅದು ಉದ್ದದ ಜಾತಿ, ಎರಡು ಮೀಟರ್ ದಾಟುತ್ತದೆ. ಪೆಡಲಿನ ಹಿಂದೆ, ಮೊಣಕಾಲ ಅಡಿಗೆ ಬಂದರೆ ಗಿಡ್ಡ ಜಾತಿ. ನನ್ನದು ಗಿಡ್ಡದ್ದು. ಮೂರು ಚಕ್ರದವೂ ಇವೆ. ಅವಕ್ಕೆ ಟ್ರೈಕ್ ಎನ್ನುತ್ತಾರೆ.

ಈಗ ಭಾರದ ವಿಷಯಕ್ಕೆ ಬರೋಣ. ರೋಡ್ ಬೈಕ್‌ನಲ್ಲಿ, ಅಂದರೆ ರಸ್ತೆಯಲ್ಲಿ ವೇಗವಾಗಿ ತುಳಿಯಲು ಮಾಡಿದ ಸಾಧಾರಣ ಸೈಕಲ್‌ನಲ್ಲಿ, ಮುಂದಕ್ಕೆ ಬಾಗಿ ಕೂರುತ್ತೇವೆ. ಮೈಭಾರ ಮೂರು ಕಡೆ ಹಂಚಿಹೋಗುತ್ತದೆ: ಪೆಡಲ್, ಕಿರಿದಾದ ಸೀಟು, ಅಂಗೈ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಗೆ, ಅಲ್ನಾರ್ ಎನ್ನುವ ನರ ಹಾದುಹೋಗುತ್ತದೆ. ಅದು ಕಿರುಬೆರಳಿಗೂ ಉಂಗುರದ ಬೆರಳಿನ ಅರ್ಧಕ್ಕೂ ಸ್ಪರ್ಶ ಕೊಡುವ ನರ. ಗಂಟೆಗಟ್ಟಲೆ ಅದನ್ನು ಹ್ಯಾಂಡಲ್‌ಗೆ ಒತ್ತಿ ಹಿಡಿದರೆ ಜೋಮು ಹಿಡಿಯುವುದು ಆ ಎರಡು ಬೆರಳಿಗೇ. ಸೀಟಿನ ಮೂತಿಯ ಮೇಲೂ ಇದೇ ಕಥೆ. ಅಲ್ಲಿ ತೊಡೆಸಂದಿನ ನರ, ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಮೈ ಮುಂದೆ ಬಾಗಿದ್ದರಿಂದ ರಸ್ತೆ ನೋಡಲು ತಲೆಯನ್ನು ಹಿಂದಕ್ಕೆ ಎತ್ತಿ ಹಿಡಿಯಬೇಕು. ಹೆಲ್ಮೆಟ್ ಸಹಿತ ಆ ಭಾರವನ್ನು ಕುತ್ತಿಗೆಯ ಸ್ನಾಯುಗಳು ಹೊರುತ್ತವೆ.

ಒರಗಿ ಕೂತಾಗ ಇದೆಲ್ಲ ಬೆನ್ನಿಗೂ ಪೃಷ್ಠಕ್ಕೂ ಹೋಗುತ್ತದೆ. ಅಂಗೈ, ಕಿರಿದಾದ ಸೀಟು ಇವೆರಡಕ್ಕಿಂತ ಎಷ್ಟೋ ಅಗಲದ ಜಾಗ ಅದು. ಕೈಗೆ ಭಾರವೇ ಇಲ್ಲ. ಹ್ಯಾಂಡಲ್ ತಿರುಗಿಸುವುದಷ್ಟೇ ಅದರ ಕೆಲಸ. ಕುತ್ತಿಗೆ ನೇರ. ನನ್ನ ಬೆರಳಿನ ಜೋಮು ಮೊದಲ ಲಾಂಗ್ ರೈಡ್‌ನಲ್ಲೇ ಕಾಣೆಯಾಯಿತು. ಮೂಲ್ಕಿ ಸೇತುವೆ ಮೇಲೆ ನಿಲ್ಲಿಸಿ ಶಾಂಭವಿ ನದಿ ನೋಡುತ್ತಾ ಬೆರಳು ಮಡಚಿ ಬಿಡಿಸಿ ನೋಡಿದ್ದು ಈಗಲೂ ನೆನಪಿದೆ.

ಹಾಗಂತ ನೋವೇ ಇಲ್ಲ ಅಂತಲ್ಲ. ನೋವು ಜಾಗ ಬದಲಿಸುತ್ತದೆ. ಕಾಲು ಎತ್ತರದಲ್ಲಿ ಇರುವುದರಿಂದ ಪಾದಕ್ಕೆ ರಕ್ತ ಹೋಗುವುದು ಕಮ್ಮಿ, ಅದರ ಮೇಲೆ ಬಿಗಿ ಶೂ ಹಾಕಿದರೆ ಒಂದೂವರೆ ಗಂಟೆಯಲ್ಲಿ ಅಂಗಾಲು ಉರಿಯುತ್ತದೆ, ಇಲ್ಲವೇ ಮರಗಟ್ಟುತ್ತದೆ. ಸ್ವಲ್ಪ ಸಡಿಲ ಶೂ ಹಾಕಿ, ಪೆಡಲ್ ಮುಟ್ಟುವ ಜಾಗವನ್ನು ಬೆರಳ ಬುಡದಿಂದ ಹಿಮ್ಮಡಿಯ ಕಡೆಗೆ ಒಂದಿಷ್ಟು ಸರಿಸಿದರೆ ಹೆಚ್ಚಿನವರಿಗೆ ಗುಣವಾಗುತ್ತದೆ. ಸೀಟು ತೀರ ನೆಟ್ಟಗೆ ಇದ್ದರೆ ಪೃಷ್ಠ ನೋಯುತ್ತದೆ. ಇನ್ನೂ ಒರಗಿದರೆ ಆ ಭಾರ ಬೆನ್ನಿಗೆ ಸರಿಯುತ್ತದೆ.

ಗಾಳಿಯ ಲೆಕ್ಕ

ಕರಾವಳಿಯಲ್ಲಿ ಸೈಕಲ್ ತುಳಿಯುವವರ ನಿಜವಾದ ಎದುರಾಳಿ ಗಾಳಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಧ್ಯಾಹ್ನ ಕಳೆದರೆ ಕಡಲ ಕಡೆಯಿಂದ, ಹೆಚ್ಚಾಗಿ ವಾಯವ್ಯದಿಂದ ಗಾಳಿ ಬೀಸುತ್ತದೆ. ಬೆಳಿಗ್ಗೆ ಮಂಗಳೂರಿಗೆ ಹೋಗಿ ಸಂಜೆ ಉಡುಪಿಗೆ ತಿರುಗುವವನಿಗೆ ಅದು ಎಡಗೆನ್ನೆಗೆ ಬಡಿಯುತ್ತಾ ಬರುತ್ತದೆ. ದಾರಿ ಸಪಾಟು, ಆದರೂ ಏರು ಹತ್ತಿದ ಹಾಗೆ ಅನಿಸುತ್ತದೆ.

ಇದರ ಹಿಂದಿನ ಲೆಕ್ಕ ಸರಳ. ವೇಗ ಎರಡು ಪಟ್ಟಾದರೆ ಗಾಳಿಯ ಅಡ್ಡಿ ನಾಲ್ಕು ಪಟ್ಟಾಗುತ್ತದೆ. ಆ ಅಡ್ಡಿಯನ್ನು ಮೀರಲು ಪ್ರತಿ ಸೆಕೆಂಡಿಗೆ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. 20 ಕಿ.ಮೀ. ವೇಗದಿಂದ 30ಕ್ಕೆ ಹೋಗುವುದು ನೋಡಲು ಒಂದೂವರೆ ಪಟ್ಟು ಅಷ್ಟೇ. ಗಾಳಿಗೆ ಕೊಡಬೇಕಾದ ಶಕ್ತಿ ಮಾತ್ರ ಮೂರು ಪಟ್ಟಿಗಿಂತ ಜಾಸ್ತಿ. ಸಪಾಟು ರಸ್ತೆಯಲ್ಲಿ 25 ಕಿ.ಮೀ. ದಾಟಿದ ಮೇಲೆ ನಮ್ಮ ಕಾಲಿನ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ಸರಿಸುವುದಕ್ಕೇ ಖರ್ಚಾಗುತ್ತದೆ. ಚಕ್ರ ಉರುಳಿಸುವುದಕ್ಕೆ, ಚೈನ್ ತಿರುಗಿಸುವುದಕ್ಕೆ ಹೋಗುವುದು ಸಣ್ಣ ಪಾಲು.

ಹಾಗಾದರೆ ಗಾಳಿಗೆ ಕಾಣಿಸುವ ಮೈ ಎಷ್ಟು ಸಣ್ಣದೋ ಅಷ್ಟು ಲಾಭ. ರೋಡ್ ಬೈಕ್‌ನಲ್ಲಿ ಎದೆ, ಹೊಟ್ಟೆ, ತೊಡೆ ಎಲ್ಲ ಗಾಳಿಗೆ ಎದುರಾಗಿ ನಿಂತಿರುತ್ತವೆ. ಒರಗಿದಾಗ ಪಾದ ಮುಂದೆ, ಅದರ ಹಿಂದೆ ಕಾಲು, ಅದರ ಹಿಂದೆ ಮೈ. ಒಂದರ ನೆರಳಲ್ಲಿ ಇನ್ನೊಂದು ಅಡಗುತ್ತದೆ. ಮೀನುಗಾರರ ದೋಣಿಯ ಮೂತಿ ನೀರನ್ನು ಸೀಳುವಂತೆ ಪಾದಗಳು ಗಾಳಿಯನ್ನು ಸೀಳುತ್ತವೆ. ಒಂದು ಅಂದಾಜು ಲೆಕ್ಕ ಹೇಳುತ್ತೇನೆ. 30 ಕಿ.ಮೀ. ವೇಗಕ್ಕೆ ರೋಡ್ ಬೈಕ್‌ನಲ್ಲಿ 160 ವ್ಯಾಟ್ ಆಸುಪಾಸು ಬೇಕಾದರೆ, ಚೆನ್ನಾಗಿ ಒರಗಿಸಿದ ರಿಕಂಬೆಂಟ್‌ನಲ್ಲಿ 130 ವ್ಯಾಟ್ ಆಸುಪಾಸು ಸಾಕಾಗುತ್ತದೆ. ಇದು ಸೀಟಿನ ಕೋನ, ಟಯರ್, ತುಳಿಯುವವರ ಗಾತ್ರ ನೋಡಿಕೊಂಡು ಹೆಚ್ಚುಕಮ್ಮಿ ಆಗುತ್ತದೆ. ನೆಟ್ಟಗೆ ಕೂರುವ, ಅಗಲ ಸೀಟಿನ ರಿಕಂಬೆಂಟ್‌ನಲ್ಲಿ ಈ ಲಾಭದ ಹೆಚ್ಚಿನ ಭಾಗ ಇಲ್ಲವಾಗುತ್ತದೆ. ಅದಕ್ಕೇ ರಿಕಂಬೆಂಟ್ ಎಂದ ಕೂಡಲೇ ವೇಗ ಅಂತ ತಿಳಿಯಬಾರದು.

ಎದುರು ಗಾಳಿಯಲ್ಲಿ ಇದರ ಬೆಲೆ ಇನ್ನೂ ಏರುತ್ತದೆ. ನಾವು 20ರಲ್ಲಿ ಹೋಗುತ್ತಿದ್ದೇವೆ, ಎದುರಿಂದ 15ರಲ್ಲಿ ಗಾಳಿ ಬರುತ್ತಿದೆ ಅನ್ನೋಣ. ಮೈಗೆ ತಾಗುವುದು 35ರ ಗಾಳಿ. ಹೆಜಮಾಡಿಯಿಂದ ಕಾಪುವರೆಗಿನ ಆ ಸಂಜೆಯ ದಾರಿಯಲ್ಲಿ ನನಗೆ ಅತಿ ದೊಡ್ಡ ವ್ಯತ್ಯಾಸ ಕಂಡಿದ್ದು ಅಲ್ಲೇ.

ಇಷ್ಟು ವೇಗ ಇದ್ದರೆ ರೇಸ್‌ಗಳಲ್ಲಿ ಯಾಕೆ ಕಾಣುವುದಿಲ್ಲ? ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು 1933ರ ಕಥೆ ಹೇಳುತ್ತೇನೆ. ಫ್ರಾನ್ಸಿನಲ್ಲಿ ಚಾರ್ಲ್ಸ್ ಮೋಶೆ ಎನ್ನುವವರು ಮಗ ಆಡಲಿ ಅಂತ ನಾಲ್ಕು ಚಕ್ರದ ಪೆಡಲ್ ಬಂಡಿ ಮಾಡಿದ್ದರು. ಅದರಿಂದ ದೊಡ್ಡವರ ಬಂಡಿ ಹುಟ್ಟಿತು, ಅದಕ್ಕೆ ವೆಲೋಕಾರ್ ಅಂತ ಹೆಸರಿಟ್ಟರು. ಮುಂದೆ ಎರಡು ಚಕ್ರದ ವೆಲೋಕಾರ್ ಮಾಡಿದರು. ಫ್ರಾನ್ಸಿಸ್ ಫೋರ್ ಎನ್ನುವ ಸವಾರ ಅದನ್ನು ಏರಿದ. ಅವನು ಮುಂಚೂಣಿಯ ರೇಸ್ ಸವಾರನೇನೂ ಆಗಿರಲಿಲ್ಲ. 1933ರ ಜುಲೈ 7ರಂದು ಪ್ಯಾರಿಸ್‌ನಲ್ಲಿ ಅವನು ಒಂದು ಗಂಟೆಯಲ್ಲಿ 45.055 ಕಿ.ಮೀ. ತುಳಿದ. ಆಸ್ಕರ್ ಎಗ್ 1914ರಲ್ಲಿ ಮಾಡಿದ್ದ 44.247 ಕಿ.ಮೀ. ದಾಖಲೆ ಮುರಿಯಿತು. ಅದೇ ಆಗಸ್ಟ್‌ನಲ್ಲಿ ಮೋರಿಸ್ ರಿಶಾರ್ ಎನ್ನುವವರು ಸಾಧಾರಣ ಸೈಕಲ್‌ನಲ್ಲಿ 44.777 ಕಿ.ಮೀ. ತುಳಿದರು. ಯಾರ ದಾಖಲೆ ಲೆಕ್ಕಕ್ಕೆ? ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯಾದ ಯುಸಿಐ 1934ರಲ್ಲಿ ರೇಸ್ ಸೈಕಲ್ ಎಂದರೆ ಏನು ಎನ್ನುವುದನ್ನೇ ಹೊಸದಾಗಿ ಬರೆಯಿತು. ಸೀಟು, ಪೆಡಲ್ ಎಲ್ಲಿರಬೇಕು ಅಂತ ಅಳತೆ ಹಾಕಿತು. ಆ ಅಳತೆಯೊಳಗೆ ವೆಲೋಕಾರ್ ಬರಲಿಲ್ಲ. ಫೋರ್ ಹೊರಗೆ, ರಿಶಾರ್ ಒಳಗೆ. ಅದೇ ವರ್ಷ ಮೋಶೆ ತೀರಿಕೊಂಡರು.

ನನಗೆ ಇದು ಬರೀ ಹಳೆಯ ಕಥೆ ಅನಿಸುವುದಿಲ್ಲ. ರೇಸ್‌ನಲ್ಲಿ ಓಡದ ಸೈಕಲ್ ಅಂಗಡಿಯ ಗಾಜಿನ ಹಿಂದೆ ನಿಲ್ಲುವುದಿಲ್ಲ. ಅಂಗಡಿಯಲ್ಲಿ ನಿಲ್ಲದ್ದು ಸಾವಿರಗಟ್ಟಲೆ ತಯಾರಾಗುವುದಿಲ್ಲ. ಸಾವಿರಗಟ್ಟಲೆ ತಯಾರಾಗದ್ದು ಅಗ್ಗವಾಗುವುದಿಲ್ಲ. ವಿದೇಶದಿಂದ ಹೊಸ ರಿಕಂಬೆಂಟ್ ತರಿಸಿದರೆ ಲಕ್ಷ ರೂಪಾಯಿ ದಾಟುವುದು ಈಗಲೂ ಸಾಮಾನ್ಯ. ಆದರೂ ಒಲವಿದ್ದವರು ಬಿಡಲಿಲ್ಲ. ಮನುಷ್ಯಬಲದಿಂದ ಓಡುವ ವಾಹನಗಳಿಗೆಂದೇ 1976ರಲ್ಲಿ ಅಮೆರಿಕದಲ್ಲಿ ಬೇರೆ ಸಂಘ ಕಟ್ಟಿದರು. 2016ರಲ್ಲಿ ನೆವಾಡಾದ ಬ್ಯಾಟಲ್ ಮೌಂಟನ್ ಎಂಬಲ್ಲಿ ಟಾಡ್ ರೈಕರ್ಟ್ ಎನ್ನುವ ಕೆನಡಾದ ಸವಾರ ಪೂರ್ತಿ ಚಿಪ್ಪು ಹೊದಿಸಿದ ರಿಕಂಬೆಂಟ್‌ನಲ್ಲಿ ಗಂಟೆಗೆ 144.17 ಕಿ.ಮೀ. ಮುಟ್ಟಿದರು. ಹೆಚ್ಚುಕಮ್ಮಿ ಸಪಾಟು ರಸ್ತೆ, ಎಂಜಿನ್ ಇಲ್ಲ, ಎರಡು ಕಾಲು ಮಾತ್ರ.

ಬ್ಯಾಲೆನ್ಸ್ ಮತ್ತೆ ಕಲಿಯಬೇಕು

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಹತ್ತು ವರ್ಷ ರೋಡ್ ಬೈಕ್ ತುಳಿದವರೂ ರಿಕಂಬೆಂಟ್ ಮೇಲೆ ಮೊದಲ ಹತ್ತು ನಿಮಿಷ ಹೊಸದಾಗಿ ಸೈಕಲ್ ಕಲಿಯುವ ಮಕ್ಕಳ ಹಾಗೆ ಓಲಾಡುತ್ತಾರೆ. ಅದಕ್ಕೆ ಎರಡು ಕಾರಣ.

ಒಂದು, ಎತ್ತರ. ಮಾವಿನಕಾಯಿ ಕೊಯ್ಯುವ ದೋಟಿಯನ್ನು ಚಿಕ್ಕವರಿದ್ದಾಗ ಅಂಗೈ ಮೇಲೆ ನಿಲ್ಲಿಸಿ ಆಡಿದ್ದೀರಾ? ಉದ್ದ ದೋಟಿ ನಿಧಾನ ವಾಲುತ್ತದೆ, ನಮಗೆ ಕೈ ಸರಿಸಲು ಸಮಯ ಸಿಗುತ್ತದೆ. ಅದೇ ಪೆನ್ಸಿಲ್ ನಿಲ್ಲಿಸಲು ನೋಡಿ. ವಾಲಿದ್ದು ಗೊತ್ತಾಗುವಷ್ಟರಲ್ಲಿ ಬಿದ್ದಿರುತ್ತದೆ. ರೋಡ್ ಬೈಕ್‌ನಲ್ಲಿ ನಮ್ಮ ಭಾರ ಎತ್ತರದಲ್ಲಿ ಇದೆ, ಅದು ದೋಟಿ. ರಿಕಂಬೆಂಟ್‌ನಲ್ಲಿ ಭಾರ ಕೆಳಗಿದೆ, ಪೆನ್ಸಿಲ್ ಕಡೆಗೆ ಹತ್ತಿರ. ಕೆಳಗೆ ಕೂತರೆ ಬೀಳುವುದು ಕಮ್ಮಿ ಅಂತ ನಮಗೆಲ್ಲ ಅನಿಸುತ್ತದೆ, ಅಲ್ವಾ? ಎರಡು ಚಕ್ರದ ಮೇಲೆ ನಿಧಾನ ಹೋಗುವಾಗ ಅದು ತಲೆಕೆಳಗು.

ಎರಡು, ಸೊಂಟ. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಚಕ್ರವನ್ನು ಮೈಯ ಅಡಿಗೆ ತರುತ್ತೇವೆ. ಇದು ಎಲ್ಲ ಸೈಕಲ್‌ಗೂ ಒಂದೇ. ಆದರೆ ರೋಡ್ ಬೈಕ್‌ನಲ್ಲಿ ಅದರ ಜೊತೆಗೆ ಸೊಂಟ, ಭುಜ, ಮೊಣಕಾಲು ಆಚೀಚೆ ಮಾಡಿ ನೂರಾರು ಸಣ್ಣ ತಿದ್ದುಪಡಿ ಮಾಡುತ್ತಿರುತ್ತೇವೆ. ನಮಗೇ ಗೊತ್ತಿರುವುದಿಲ್ಲ. ಒರಗಿದ ಕೂಡಲೇ ಬೆನ್ನು ಸೀಟಿಗೆ ಅಂಟಿಕೊಂಡಿತು. ಆ ಎಲ್ಲ ಕೆಲಸ ಈಗ ಹ್ಯಾಂಡಲ್ ಒಂದರಿಂದಲೇ ಆಗಬೇಕು. ಹಳೆಯ ಅಭ್ಯಾಸದ ಮೈ ಏನು ಮಾಡುತ್ತದೆ ಅಂದರೆ, ಗಾಬರಿಯಾಗಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತದೆ, ಸೀಟಿನಿಂದ ಎದ್ದು ಕೂರಲು ನೋಡುತ್ತದೆ. ಎರಡೂ ತಪ್ಪು. ಬಿಗಿದ ಕೈಯಿಂದ ಪ್ರತಿ ಪೆಡಲ್ ಒತ್ತೂ ಹ್ಯಾಂಡಲ್‌ಗೆ ಹೋಗಿ ಸೈಕಲ್ ಹಾವಿನ ಹಾಗೆ ಸಾಗುತ್ತದೆ.

ನಾನು ಮಲ್ಪೆ ಹತ್ತಿರದ ಒಂದು ಖಾಲಿ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಕಲಿತೆ. ಮೊದಲ ದಿನ ನಾಲ್ಕು ಸಲ ಬಿದ್ದೆ, ಮೊಣಕೈ ತರಚಿತು. ಮೀನಿಗೆ ಹೊರಟಿದ್ದ ಒಬ್ಬ ಹಿರಿಯರು ನಿಂತು ನೋಡಿ, "ಅದು ಎಂತ ಮಾರಾಯ್ರೆ, ಕೈ ಅಷ್ಟು ಗಟ್ಟಿ ಹಿಡ್ದದ್ದು? ಸುಮ್ನೆ ಬಿಡಿ, ಅದೇ ಹೋಗ್ತದೆ" ಅಂದರು. ಅವರು ರಿಕಂಬೆಂಟ್ ನೋಡಿದ್ದು ಅದೇ ಮೊದಲು. ಆದರೆ ದೋಣಿ ನಡೆಸಿದ ಕೈಗೆ ವಿಷಯ ಗೊತ್ತಿತ್ತು. ಪುಸ್ತಕದ ಪಾಠವೂ ಅದೇ.

ಕಲಿಯುವ ಕ್ರಮ ಹೀಗಿದ್ದರೆ ಒಳ್ಳೆಯದು. ತುಸು ಇಳಿಜಾರು ಇರುವ ಜಾಗ ಹುಡುಕಿ. ಗೇರು ಹಗುರ ಮಾಡಿ. ಹೊರಡುವಾಗ ಒಂದು ಪೆಡಲನ್ನು ಮೇಲೆ ತಂದು ಕಾಲಿಡಿ, ಇನ್ನೊಂದು ಕಾಲು ನೆಲದಲ್ಲಿ. ತಲೆ, ಭುಜ ಸೀಟಿಗೆ ಒರಗಿರಲಿ. ಪಾದ ನೋಡಬೇಡಿ, ಇಪ್ಪತ್ತು ಮೀಟರ್ ಮುಂದೆ ನೋಡಿ. ಒಂದೇ ಒತ್ತಿಗೆ ಧೈರ್ಯವಾಗಿ ಹೊರಡಿ, ಯಾಕೆಂದರೆ ವೇಗ ಬಂದಷ್ಟೂ ಸೈಕಲ್ ನೇರವಾಗುತ್ತದೆ. ಹೊಸಬರಿಗೆ ಗಂಟೆಗೆ ಏಳೆಂಟು ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ನೇರ ಹೋಗುವುದೇ ಕಷ್ಟ. ಮೊದಲ ವಾರ ಬರೀ ಹೊರಡುವುದು, ನಿಲ್ಲಿಸುವುದು ಇಷ್ಟೇ ಮಾಡಿದರೂ ನಷ್ಟವಿಲ್ಲ. ಕಲ್ಸಂಕ ಜಂಕ್ಷನ್‌ನಂಥ ಕಡೆ ನಿಮ್ಮನ್ನು ಪರೀಕ್ಷೆ ಮಾಡುವುದು ಓಡಿಸುವ ವಿದ್ಯೆ ಅಲ್ಲ, ಸಿಗ್ನಲ್ ಬಿಟ್ಟಾಗ ಓಲಾಡದೆ ಹೊರಡುವ ವಿದ್ಯೆ.

ಬೂಮ್ ಅಳತೆ ಮೊದಲೇ ಸರಿ ಮಾಡಿಕೊಳ್ಳಿ. ಸೀಟಿಗೆ ಪೂರ್ತಿ ಒರಗಿ, ಹಿಮ್ಮಡಿಯನ್ನು ದೂರದ ಪೆಡಲ್ ಮೇಲಿಟ್ಟರೆ ಕಾಲು ಪೂರ್ತಿ ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟಾಗ ಮೊಣಕಾಲು ಸ್ವಲ್ಪ ಮಡಚಿರುತ್ತದೆ. ಬೂಮ್ ಗಿಡ್ಡವಾದರೆ ಮೊಣಕಾಲ ಚಿಪ್ಪಿನ ಮುಂದೆ ನೋವು ಬರುತ್ತದೆ. ಉದ್ದವಾದರೆ ಸೊಂಟ ಆಚೀಚೆ ಜಗ್ಗಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹಿಡಿದುಕೊಳ್ಳುತ್ತದೆ. ಬೂಮ್ ಸರಿಸಿದರೆ ಚೈನಿನ ಉದ್ದವೂ ಬದಲಾಗುತ್ತದೆ, ಮರೆಯಬೇಡಿ.

ಏರು

ಮಣಿಪಾಲ ಬೆಟ್ಟದ ಮೇಲಿದೆ. ಉಡುಪಿಯಿಂದ ಕುಂಜಿಬೆಟ್ಟು, ಇಂದ್ರಾಳಿ ದಾಟಿ ಟೈಗರ್ ಸರ್ಕಲ್‌ಗೆ ಹೋಗುವ ಏರಿನಲ್ಲಿ ರೋಡ್ ಬೈಕ್ ಸವಾರ ಕಷ್ಟ ಬಂದಾಗ ಸೀಟು ಬಿಟ್ಟು ಎದ್ದು ನಿಲ್ಲುತ್ತಾನೆ. ಮೈಯ ಪೂರ್ತಿ ಭಾರ ಪೆಡಲ್ ಮೇಲೆ ಬೀಳುತ್ತದೆ. ಆ ಭಾರವೇ ಸೈಕಲನ್ನು ನಾಲ್ಕು ಮಾರು ಮುಂದೆ ತಳ್ಳುತ್ತದೆ. ರಿಕಂಬೆಂಟ್‌ನಲ್ಲಿ ಎದ್ದು ನಿಲ್ಲಲು ಜಾಗವೇ ಇಲ್ಲ. ಮೈಭಾರ ಸೀಟಿನ ಮೇಲಿದೆ, ಪೆಡಲ್ ಮುಂದಿದೆ. ಭಾರದಿಂದ ಉಪಯೋಗವಿಲ್ಲ, ಸ್ನಾಯುಗಳಷ್ಟೇ ತಳ್ಳಬೇಕು.

ಇದರ ಮೇಲೆ ತೂಕ. ಸವಾರ 70 ಕಿಲೋ, ರೋಡ್ ಬೈಕ್ 9 ಕಿಲೋ ಆದರೆ ಒಟ್ಟು 79. ರಿಕಂಬೆಂಟ್ 15 ಕಿಲೋ ಆದರೆ 85. ಬರೀ ತೂಕದ ಲೆಕ್ಕದಲ್ಲಿ ನೂರಕ್ಕೆ ಏಳೆಂಟರಷ್ಟು ಜಾಸ್ತಿ ಕೆಲಸ. ರೋಡ್ ಬೈಕ್‌ನಲ್ಲಿ 20 ನಿಮಿಷದ ಏರು ಇದರಲ್ಲಿ ಇಪ್ಪತ್ತೊಂದೂವರೆ ನಿಮಿಷ. ಇಷ್ಟೇ ಆಗಿದ್ದರೆ ಯಾರೂ ದೂರುತ್ತಿರಲಿಲ್ಲ. ನಿಜದಲ್ಲಿ ಮೊದಲ ಎರಡು ಮೂರು ತಿಂಗಳು ಇದಕ್ಕಿಂತ ಎಷ್ಟೋ ನಿಧಾನ. ತೊಡೆ, ಪೃಷ್ಠದ ಸ್ನಾಯುಗಳು ಹೊಸ ಕೋನದಲ್ಲಿ ಕೆಲಸ ಮಾಡಲು ಕಲಿಯಬೇಕು. ಜೊತೆಗೆ ಏರಿನಲ್ಲಿ ವೇಗ ಇಳಿದಾಗ ಬ್ಯಾಲೆನ್ಸ್ ತಪ್ಪುವುದೂ ಸೇರುತ್ತದೆ. ಆ ತಿಂಗಳುಗಳಲ್ಲಿ ಹಿಂದಿನ ಟೈಮ್ ಜೊತೆ ಹೋಲಿಸಬೇಡಿ. ಹೋಲಿಸಿ ಬೇಜಾರಾಗಿ ಸೈಕಲ್ ಮಾರಿದವರ ಸೈಕಲೇ ನನ್ನ ಕೈಗೆ ಬಂದದ್ದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬೆನ್ನಿಗೆ ಆಸರೆ ಇರುವುದರಿಂದ ಪೆಡಲನ್ನು ಮೈಭಾರಕ್ಕಿಂತ ಜಾಸ್ತಿ ಬಲದಿಂದ ಒದೆಯಬಹುದು. ಗೋಡೆಗೆ ಒರಗಿ ಕಪಾಟು ದೂಡಿದ ಹಾಗೆ. ಏರಿನಲ್ಲಿ ಗಟ್ಟಿ ಗೇರಿನಲ್ಲಿ ಹೀಗೆ ಒದ್ದರೆ ಮೊಣಕಾಲು ಕೆಡಬಹುದು. ಹಗುರ ಗೇರು ಹಾಕಿ ನಿಮಿಷಕ್ಕೆ 80–90 ಸುತ್ತು ತುಳಿಯುವುದೇ ದಾರಿ. ಅದಕ್ಕೆ ಕೊಳ್ಳುವಾಗಲೇ ಸಣ್ಣ ಗೇರು ಇದೆಯಾ ನೋಡಿ. ಮುಂದಿನ ಹಲ್ಲುಚಕ್ರ 30 ಹಲ್ಲು, ಹಿಂದಿನ ದೊಡ್ಡದು 36 ಹಲ್ಲು ಇದ್ದರೆ ಮಣಿಪಾಲ ಸಲೀಸು. ಸೋಮೇಶ್ವರದಿಂದ ಆಗುಂಬೆಯ ಹದಿನಾಲ್ಕು ತಿರುವು ಹತ್ತುವ ಆಸೆ ಇದ್ದವರು ಟ್ರೈಕ್ ಬಗ್ಗೆಯೂ ಯೋಚಿಸಲಿ. ಮೂರು ಚಕ್ರ ಇರುವುದರಿಂದ ಗಂಟೆಗೆ ನಾಲ್ಕು ಕಿ.ಮೀ.ನಲ್ಲಿ ತೆವಳಿದರೂ, ನಡುವೆ ನಿಂತು ನೀರು ಕುಡಿದರೂ ಬೀಳುವುದಿಲ್ಲ. ಆದರೆ ಟ್ರೈಕ್‌ನಲ್ಲಿ ಪಾದವನ್ನು ಪೆಡಲ್‌ಗೆ ಕಟ್ಟುವ ಶೂ ಅಥವಾ ಪಟ್ಟಿ ಬೇಕೇ ಬೇಕು. ಓಡುವಾಗ ಪಾದ ಜಾರಿ ನೆಲಕ್ಕೆ ತಾಗಿದರೆ ಬಂಡಿ ಕಾಲಿನ ಮೇಲೆ ಹತ್ತುತ್ತದೆ, ಮೂಳೆ ಮುರಿಯಬಹುದು.

ನಮ್ಮ ರಸ್ತೆ, ನಮ್ಮ ಮಳೆ

ಹಂಪ್ ಬಂದಾಗ ರೋಡ್ ಬೈಕ್‌ನಲ್ಲಿ ಪೆಡಲ್ ಮೇಲೆ ಸ್ವಲ್ಪ ಎದ್ದರೆ ಆಯಿತು. ಇದರಲ್ಲಿ ಏಟು ನೇರ ಬೆನ್ನಿಗೆ. ಅದರಲ್ಲೂ ಹೆಚ್ಚಿನ ಗಿಡ್ಡ ರಿಕಂಬೆಂಟ್‌ಗಳ ಮುಂದಿನ ಚಕ್ರ 20 ಇಂಚಿನದು. ಸಣ್ಣ ಚಕ್ರ ಗುಂಡಿಯೊಳಗೆ ಜಾಸ್ತಿ ಇಳಿಯುತ್ತದೆ. ಪೆಡಲ್ ಎತ್ತರದಲ್ಲಿದ್ದರೆ ಚಕ್ರದ ಮುಂದಿನ ಒಂದೆರಡು ಮೀಟರ್ ರಸ್ತೆ ಕಾಲಿನ ಮರೆಯಲ್ಲಿ ಕಾಣುವುದೂ ಇಲ್ಲ. ಗುಂಡಿಯನ್ನು ದೂರದಿಂದಲೇ ನೋಡಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. 40 ಮಿಲಿಮೀಟರ್‌ಗಿಂತ ದಪ್ಪ ಟಯರ್ ಹಾಕಿ, ಗಾಳಿ ಸ್ವಲ್ಪ ಕಡಿಮೆ ಇಡಿ. ನಮ್ಮಲ್ಲಿ ಸಸ್ಪೆನ್ಶನ್ ಇರುವ ಸೈಕಲ್ ಸಿಕ್ಕಿದರೆ ತೂಕ ಜಾಸ್ತಿಯಾದರೂ ಬಿಡಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಟಯರ್ ಕೊಳ್ಳುವಾಗ 20 ಇಂಚು ಅಂತ ಕೇಳಿದರೆ ಸಾಲದು. ಟಯರ್ ಬದಿಯಲ್ಲಿ 406 ಅಂತ ಬರೆದಿದೆಯಾ, 451 ಅಂತ ಬರೆದಿದೆಯಾ ನೋಡಿ. ಎರಡನ್ನೂ 20 ಇಂಚು ಅಂತಲೇ ಕರೆಯುತ್ತಾರೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. 406 ಆದರೆ 20 × 1.75ರ ಮಕ್ಕಳ ಸೈಕಲ್ ಟಯರ್, ಟ್ಯೂಬ್ ಆಪತ್ತಿಗೆ ನಡೆಯುತ್ತದೆ. ಚೈನ್ ಅಂತೂ ಸಾಧಾರಣ ಸೈಕಲ್‌ನ ಎರಡು ಮೂರು ಚೈನ್ ಜೋಡಿಸಿದಷ್ಟು ಉದ್ದ. ಮುಂದಿನ ಪೆಡಲ್‌ನಿಂದ ಸೀಟಿನ ಅಡಿಗೆ ಬಂದು, ಐಡ್ಲರ್ ಎನ್ನುವ ರಾಟೆಯನ್ನು ಬಳಸಿ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಸಮುದ್ರದ ಉಪ್ಪುಗಾಳಿಗೆ ಇಷ್ಟುದ್ದ ಕಬ್ಬಿಣ ಒಡ್ಡಿದರೆ ತುಕ್ಕು ಬರದೆ ಇರುತ್ತದಾ? ಬೀಚ್ ರಸ್ತೆಗೆ ಹೋಗಿ ಬಂದ ದಿನವೇ ಒಣ ಬಟ್ಟೆಯಲ್ಲಿ ಒರೆಸಿ ಎಣ್ಣೆ ಹಾಕುತ್ತೇನೆ. ಜೋಡಣೆಯ ಲಿಂಕ್ ಎರಡು ಯಾವಾಗಲೂ ಚೀಲದಲ್ಲಿ ಇರುತ್ತವೆ.

ಮಳೆಗಾಲ ಬೇರೆಯೇ ವಿಷಯ. ಬಾಗಿ ಕೂತವನ ಬೆನ್ನಿಗೆ ಬೀಳುವ ಮಳೆ ಒರಗಿದವನ ಮುಖಕ್ಕೆ ಬೀಳುತ್ತದೆ. ಜೂನ್, ಜುಲೈಯ ನಮ್ಮ ಮಳೆಯಲ್ಲಿ ಕಣ್ಣು ಬಿಡಲು ಆಗುವುದಿಲ್ಲ. ಹೆಲ್ಮೆಟ್ ಅಡಿಗೆ ಮುಂಚಾಚಿದ ಟೋಪಿ ಹಾಕಿದರೆ ಸುಮಾರಿಗೆ ತಡೆಯುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೂ ಅದೇ ಟೋಪಿ. ಮಡ್‌ಗಾರ್ಡ್ ಇಲ್ಲದಿದ್ದರೆ ಮುಂದಿನ ಚಕ್ರದ ಕೆಸರು ನೇರ ಮೈಗೆ. ಫೋಮ್ ಸೀಟಿನಲ್ಲಿ ಬೆನ್ನು ಬೆವರಿ ಒದ್ದೆಯಾಗುತ್ತದೆ, ಬಲೆಯ ಸೀಟಿನಲ್ಲಿ ಗಾಳಿ ಆಡುತ್ತದೆ. ಈ ಸೆಕೆಗೆ ಬಲೆಯೇ ಸರಿ.

ಬಸ್ಸಿನವರಿಗೆ ಕಾಣುತ್ತದಾ ಎನ್ನುವ ಪ್ರಶ್ನೆ ಉಳಿಯಿತು. ದೊಡ್ಡ ಚಕ್ರದ ಎತ್ತರದ ರಿಕಂಬೆಂಟ್‌ನಲ್ಲಿ ಕೂತವನ ಕಣ್ಣು ಕಾರ್ ಡ್ರೈವರ್ ಕಣ್ಣಿನ ಮಟ್ಟಕ್ಕೆ ಹೆಚ್ಚುಕಮ್ಮಿ ಬರುತ್ತದೆ. ತಗ್ಗಿನ ಮಾದರಿ, ಟ್ರೈಕ್ ಇನ್ನೂ ಕೆಳಗೆ. ತೆರೆದ ರಸ್ತೆಯಲ್ಲಿ ವಿಚಿತ್ರ ಆಕಾರ ನೋಡಿ ಹಿಂದಿನವರು ನಿಧಾನ ಮಾಡುವುದೇ ಜಾಸ್ತಿ. ಶಾಲೆ ಮಕ್ಕಳು ತುಳುವಿನಲ್ಲಿ "ತೂಲೆ, ತೂಲೆ" (ನೋಡಿ, ನೋಡಿ) ಅಂತ ಕೂಗುತ್ತಾರೆ. ಅಪಾಯ ಇರುವುದು ಬದಿಯಿಂದ, ಹತ್ತಿರದಿಂದ. ಬಸ್ಸಿನ ಕಿಟಕಿಯ ಕೆಳಗೆ, ಲಾರಿಯ ಪಕ್ಕದಲ್ಲಿ ನಾವು ಪೂರ್ತಿ ಮರೆ. ಕತ್ತು ತಿರುಗಿಸಿ ಹಿಂದೆ ನೋಡುವುದೂ ಆಗುವುದಿಲ್ಲ, ಬೆನ್ನು ಸೀಟಿನಲ್ಲಿದೆ. ಎರಡೂ ಬದಿಗೆ ಕನ್ನಡಿ, ಹಿಂದೆ ಎತ್ತರಕ್ಕೆ ಬಾವುಟ, ಹಗಲಲ್ಲೂ ಮಿನುಗುವ ದೀಪ ಇಲ್ಲದೆ ನಾನು ಮನೆಯಿಂದ ಹೊರಡುವುದಿಲ್ಲ. ಎಕ್ಸ್‌ಪ್ರೆಸ್ ಬಸ್ ನಿಲ್ದಾಣದ ಹತ್ತಿರ ಎಡಕ್ಕೆ ನುಗ್ಗುವುದು ನಮಗೆಲ್ಲ ಗೊತ್ತು. ಅಲ್ಲಿ ನಿಂತೇ ಬಿಡುವುದು ಒಳ್ಳೆಯದು. ಮಂಗಳೂರಿನ ಪಂಪ್‌ವೆಲ್, ನಂತೂರು ಸರ್ಕಲ್‌ಗಳಲ್ಲಿ ನಾನು ಇಳಿದು ತಳ್ಳಿಕೊಂಡು ಹೋಗುತ್ತೇನೆ.

ಬಿದ್ದಾಗ ಏನಾಗುತ್ತದೆ ಎನ್ನುವುದರಲ್ಲಿ ಮಾತ್ರ ರಿಕಂಬೆಂಟ್ ಮೇಲು. ರೋಡ್ ಬೈಕ್‌ನಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿ ತಲೆ ಮುಂದಾಗಿ ಬೀಳುವ ಭಯ ಇದೆ. ಇದರಲ್ಲಿ ಭಾರ ಕೆಳಗೂ ಹಿಂದಕ್ಕೂ ಇರುವುದರಿಂದ ಆ ಭಯ ಬಹಳ ಕಮ್ಮಿ. ಬೀಳುವುದು ಬದಿಗೆ, ಅದೂ ಅರ್ಧ ಮುಕ್ಕಾಲು ಮೀಟರ್ ಎತ್ತರದಿಂದ. ಏಟು ಸೊಂಟಕ್ಕೆ, ಮೊಣಕೈಗೆ. ಆದರೆ ರಸ್ತೆಯ ಮೇಲೆ ಮರಳು ಹರಡಿದ್ದಲ್ಲಿ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ನನ್ನ ಐದನೆಯ ಬೀಳು ಪಡುಕೆರೆಯಲ್ಲಿ ಹಾಗೇ ಆದದ್ದು.

ಆ ಪಡುಕೆರೆ ರಸ್ತೆಯೇ ಈ ಸೈಕಲ್‌ಗೆ ಹೇಳಿ ಮಾಡಿಸಿದ ದಾರಿ. ಮಲ್ಪೆಯಿಂದ ಸೇತುವೆ ದಾಟಿದರೆ ಒಂದು ಬದಿ ಕಡಲು, ಇನ್ನೊಂದು ಬದಿ ಉದ್ಯಾವರ ಹೊಳೆ. ಏರಿಲ್ಲ, ಬಸ್ಸು ಕಮ್ಮಿ. ಗುಳ್ಳ ಬದನೆಯ ಗದ್ದೆಗಳಿರುವ ಮಟ್ಟು ಊರಿನವರೆಗೆ, ಅಲ್ಲಿಂದ ಕಾಪು ದೀಪಸ್ತಂಭದವರೆಗೆ ತುಳಿದರೆ ತಲೆ ಎತ್ತದೆಯೇ ತೆಂಗಿನ ಗರಿ, ಆಕಾಶ, ಹದ್ದು ಎಲ್ಲ ಕಾಣುತ್ತವೆ. ರೋಡ್ ಬೈಕ್‌ನಲ್ಲಿ ಇದೇ ದಾರಿಯಲ್ಲಿ ಆರು ವರ್ಷ ನಾನು ಹೆಚ್ಚಾಗಿ ಮುಂದಿನ ಚಕ್ರವನ್ನೇ ನೋಡಿದ್ದೆ.

ಹಾಗಾಗಿ ಕೊಳ್ಳುವ ಮೊದಲು ನೀವು ವಾರಕ್ಕೆ ಎಲ್ಲೆಲ್ಲಿ ತುಳಿಯುತ್ತೀರಿ ಅಂತ ಬರೆದುಕೊಳ್ಳಿ. ಸಪಾಟಾದ ದೂರದ ದಾರಿ, ಎದುರು ಗಾಳಿ, ಕೈ ಕುತ್ತಿಗೆ ನೋವು ಇದ್ದರೆ ರಿಕಂಬೆಂಟ್ ಕೊಳ್ಳಬಹುದು. ಮಂಗಳೂರಿನ ಕದ್ರಿ, ಬಿಜೈಯ ಏರಿಳಿತದಲ್ಲಿ ಆಫೀಸಿಗೆ ಹೋಗಿ ಬರುವುದು, ಲಿಫ್ಟಿನಲ್ಲಿ ಸೈಕಲ್ ಏರಿಸಿ ನಾಲ್ಕನೆಯ ಮಾಳಿಗೆಗೆ ಒಯ್ಯುವುದು ಇದ್ದರೆ ಬೇಡ. ಸಾಧ್ಯವಾದರೆ ಇದ್ದವರ ಹತ್ತಿರ ಕೇಳಿ ಒಂದು ವಾರ ಕಲಿತು ನೋಡಿ, ಐದು ನಿಮಿಷ ಕೂತು ತೀರ್ಮಾನ ಮಾಡಬೇಡಿ. ಹಳೆಯ ಸೈಕಲನ್ನು ಕೂಡಲೇ ಮಾರಬೇಡಿ. ನನ್ನ ರೋಡ್ ಬೈಕ್ ಇನ್ನೂ ಮನೆಯಲ್ಲಿದೆ. ಮಣಿಪಾಲಕ್ಕೆ ಹೋಗುವ ದಿನ ಅದನ್ನೇ ತೆಗೆಯುತ್ತೇನೆ. ಅಷ್ಟು ದೂರಕ್ಕೆ ಬೆರಳು ಜೋಮು ಹಿಡಿಯುವುದಿಲ್ಲ.